ನಿಂತ್ರ ಝಳ, ಓಡಿದ್ರ ಥಂಡಿ

ನಮ್ಮ ಮನಿ ಪಿಕಪ್ ಗಾಡಿ ನಿಮಗೆಲ್ಲಾರಿಗೂ ಗೊತ್ತೇ ಐತಿ. ಮುಂದ ಐದು ಮಂದಿ ಕುಂಡ್ರೂ ಕ್ಯಾಬಿನ್ನು, ಹಿಂದ ದಾಳಿಂಬ್ರಿ ಕ್ರೇಟು ಹೇರೂ ಜಾಗಾ. ಮಗ ಅದನ್ನ ಸೆಕೆಂಡ್ ಹ್ಯಾಂಡ್ ತಂದಾಗ "ಹೊಲಕ್ಕ ಹೋಗೂ ಗಾಡಿಗೆ ಎಸಿ ಯಾಕ್ರೀ?" ಅಂತ ಓಣ್ಯಾಗ ನಕ್ಕವ್ರೂ ಇದ್ರು. 2025ರ ಅಕ್ಟೋಬರ್ 1ರಿಂದ ತಯಾರಾಗೂ ದೊಡ್ಡ ಲಾರಿಗೆಲ್ಲಾ ಡ್ರೈವರ್ ಕ್ಯಾಬಿನ್ನಿಗೆ ಎಸಿ ಇರಾಕಬೇಕಂತ ಸರಕಾರನ ಕಾಯ್ದೆ ಮಾಡೈತಿ. ನಮ್ಮಂಥ ಸಣ್ಣ ಪಿಕಪ್ಪಿಗೆ ಆ ಕಾಯ್ದೆ ಇಲ್ಲ. ಆದ್ರ ನಮಗ ಎಸಿ ಬೇಕಾಗಿದ್ದು ಅತ್ತಿಯವ್ರ ಸಲುವಾಗಿ.

ಅತ್ತಿಯವ್ರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್. ನಮ್ಮೂರಿಂದ ವಿಜಯಪುರಕ್ಕ ಹೋಗಾಕ ಒಂದೂಕಾಲು ತಾಸು, ಮಷೀನಿನ ಮುಂದ ನಾಲ್ಕು ತಾಸು, ಮತ್ತ ನಡು ಮಧ್ಯಾಹ್ನದಾಗ ಹೊಳ್ಳಿ ಬರೂದು. ಮೇ ತಿಂಗಳದಾಗ ನಮ್ಮ ಕಡೆ ಬಿಸಿಲು 40 ದಾಟ್ತೈತಿ. ನಾವು ನೀವಾದ್ರ ಒಂದು ತಂಬಿಗಿ ನೀರು ಗಟಗಟ ಕುಡಿದು ಬಿಡ್ತೀವಿ. ಅವ್ರಿಗೆ ಹಂಗಿಲ್ಲ. ದಿನಕ್ಕ ಎಲ್ಲಾ ಸೇರಿ ಒಂದು ಲೀಟರಿನ ಒಳಗ, ಚಾ, ಸಾರು, ಮಜ್ಜಿಗಿ ಎಲ್ಲಾ ಅದರಾಗ. ಬಾಯಿ ಒಣಗಿದ್ರ ಬರ್ಫಿನ ಸಣ್ಣ ಚೂರು ನಾಲಿಗಿ ಮ್ಯಾಲ ಇಟ್ಕೊಂಡು ಕಣ್ಣು ಮುಚ್ಚಿ ಕುಂಡ್ರತಾರ. ಸೆಕಿ ಆದಂಗ ನೀರಡಿಕಿ ಹೆಚ್ಚು, ನೀರು ಹೆಚ್ಚಾದ್ರ ಉಸಿರಿಗೆ ತ್ರಾಸು. ಹಿಂಗಾಗಿ ಅವ್ರಿಗೆ ಗಾಡ್ಯಾಗಿನ ಥಂಡಿ ಗಾಳಿ ಶೋಕಿ ಅಲ್ಲ, ಅದೂ ಒಂದು ಔಷಧ ಇದ್ದಂಗ.

ಏಪ್ರಿಲ್ ಕಡೀಕ ಎಸಿ ಕೈಕೊಡಾಕ ಹತ್ತಿತು. ಮುಂದಿನ ಪರದೆ ಮ್ಯಾಲ 20 ಅಂತ ತೋರಸ್ತೈತಿ, ಬರೂದು ಬಿಸಿ ಗಾಳಿ. (ಅಲ್ಲಿ ಕಾಣೂ ಅಂಕಿ ನಾವು ಕೇಳಿದ್ದು, ನಮಗ ಸಿಕ್ಕಿದ್ದಲ್ಲ. ಇದನ್ನ ಭಾಳ ಮಂದಿ ತಿಳ್ಕೊಂಡಿರಂಗಿಲ್ಲ.) ಮಗ ಒಂದು ಗ್ಯಾರೇಜಿಗೆ ಒಯ್ದ. ಅಲ್ಲಿಯವ ಗೇಜು ಹಚ್ಚಲಿಲ್ಲ, ಬಾನೆಟ್ಟಿನ ಒಳಗ ಇಣುಕಲಿಲ್ಲ, "ಗ್ಯಾಸ್ ಖಾಲಿ" ಅಂತ 1,800 ರೂಪಾಯಿ ಇಸ್ಕೊಂಡು ತುಂಬಿ ಕಳಿಸಿದ. ಎರಡು ದಿನಕ್ಕ ಮತ್ತ ಅದೇ ಹಾಡು. ಈ ಸಲ "ಕಂಪ್ರೆಸರ್ ಹೋಗೈತಿ, 22,000 ಆಕ್ಕೈತಿ" ಅಂದ. ದಾಳಿಂಬ್ರಿ ರೊಕ್ಕ ಇನ್ನೂ ಬಂದಿದ್ದಿಲ್ಲ. ಮಗ ಸೊಸೈಟಿ ಸಾಲದ ಮಾತು ತೆಗೆದ. ಎರಡು ದಿನ ತಡಿ ಅಂದೆ ನಾನು.

ನಾ ಓದಿದ್ದು ಪಿಯುಸಿ ಆರ್ಟ್ಸು, ಇಂಜಿನ್ ಗಿಂಜಿನ್ ನನಗ ತಿಳಿಯಂಗಿಲ್ಲ. ಆದ್ರ ಅತ್ತಿಯವ್ರ ಮಗ್ಗಲಕ ಕುಂತು ಹೋಗಾಕಿ ನಾನ. ಹಾಲಿನ ಲೆಕ್ಕದ ವಹಿ ಹಿಂದಿನ ಹಾಳ್ಯಾಗ ಬರ್ಕೋತ ಹೋದೆ: ಮುಂಜಾನೆ ಆರಕ್ಕ ಬಿಟ್ಟಾಗ ಥಂಡಿ. ಹೈವೇದಾಗ 60-70 ಓಡೂ ಮುಂದ ಥಂಡಿ. ರೈಲ್ವೆ ಗೇಟ್ ಹಾಕಿದ್ರ ಐದು ನಿಮಿಷಕ್ಕ ಝಳ. ಗೇಟ್ ತೆಗೆದು ಒಂದೆರಡು ಕಿಲೋಮೀಟರ್ ಹೋಗೂದ್ರಾಗ ಮತ್ತ ಥಂಡಿ. ದವಾಖಾನಿ ಮುಂದ ನಿಂತಾಗ ಝಳ. ಗಾಳಿ ಜೋರು ಮಾತ್ರ ಎಲ್ಲಾ ಕಡೆ ಒಂದ ತರಾ. ಕಂಪ್ರೆಸರ್ ಸತ್ತೇ ಹೋಗಿದ್ರ ಓಡೂ ಮುಂದ ಥಂಡಿ ಎಲ್ಲಿಂದ ಬರ್ತೈತಿ? ಇಷ್ಟು ತಿಳಿಯಾಕ ಇಂಜಿನಿಯರಿಂಗ್ ಬ್ಯಾಡ.

ವಿಜಯಪುರದಾಗ ಡಯಾಲಿಸಿಸ್ ನಡೆದಿರೂ ನಾಲ್ಕು ತಾಸಿನ್ಯಾಗ ಇನ್ನೊಬ್ಬ ಮೆಕ್ಯಾನಿಕ್ ಹಂತ್ಯಾಕ ಹೋದ್ವಿ. ಸಣ್ಣ ಹುಡುಗ, ಮಾತು ಕಡಿಮಿ. ವಹಿ ತೋರಿಸಿದೆ. ಓದಿದ, ಒಂದೂ ಮಾತಾಡದ ಗಾಡಿ ಚಾಲೂ ಮಾಡಿ ಎಸಿ ಹಾಕಿ ಮುಂದ ಹೋಗಿ ಬಗ್ಗಿದ. "ಆಂಟಿ, ಬರ್ರಿ ನೋಡ್ರಿ, ಫ್ಯಾನ್ ತಿರುಗವಲ್ದು" ಅಂದ.

ನಮ್ಮ ಗಾಡಿಗೆ ಮುಂದಿನ ಜಾಳಿಗಿ ಹಿಂದ ಕಂಡೆನ್ಸರ್ ಅಂತ ಒಂದು ಐತಿ, ಅದಕ್ಕ ಗಾಳಿ ಹೊಡಿಯಾಕ ಒಂದು ಕರೆಂಟ್ ಫ್ಯಾನು. ಹಳೇ ಫ್ರಿಜ್ಜಿನ ಬೆನ್ನಿಗೆ ಕರೀ ಜಾಳಿಗಿ ಇರ್ತಿತ್ತಲ್ಲ, ಮುಟ್ಟಿದ್ರ ಬಿಸಿ ಹತ್ತೂದು, ಅದರ ಕೆಲಸನ ಇದರದ್ದೂ. ಒಳಗಿನ ಶಾಖ ಹೊತ್ತು ತಂದು ಹೊರಗ ಬಿಡೂದು. ಫ್ರಿಜ್ಜನ್ನ ಗ್ವಾಡಿಗೆ ಅಂಟಿಸಿ ಇಟ್ರ ಹಾಲು ಕೆಡ್ತಿತ್ತು, ನೆನಪೈತಿ? ಗಾಡಿ ಓಡೂ ಮುಂದ ಎದುರು ಗಾಳಿನ ಅದನ್ನ ತಣಸ್ತೈತಿ, ಫ್ಯಾನ್ ಕೆಟ್ಟಿದ್ದು ಗೊತ್ತ ಆಗಂಗಿಲ್ಲ. ನಿಂತ್ರ ಶಾಖ ಅಲ್ಲೇ ಉಳೀತೈತಿ, ಪೈಪಿನ್ಯಾಗ ಒತ್ತಡ ಏರ್ತೈತಿ, ಏರಿದ್ರ ಒಂದು ಸ್ವಿಚ್ಚು ಕಂಪ್ರೆಸರನ್ನ ತಾನ ಬಂದ್ ಮಾಡಿ ಬಿಡ್ತೈತಿ. ಆಗ ಝಳ.

ಹುಡುಗ ಫ್ಯಾನಿಗೆ ಬ್ಯಾಟರಿಯಿಂದ ಸೀದಾ ವಯರ್ ಹಚ್ಚಿದ, ಜುಂಯ್ ಅಂತ ತಿರುಗಿತು. ಅಂದ್ರ ಮೋಟಾರ್ ಛಲೋ ಐತಿ. ಫ್ಯೂಸ್ ನೋಡಿದ, ಅದೂ ಛಲೋ. ಆಮ್ಯಾಲ ಹಾರ್ನಿನ ರಿಲೇ ಕಿತ್ತು ಫ್ಯಾನಿನ ಜಾಗಾದಾಗ ಇಟ್ಟ, ಎರಡೂ ಒಂದ ನಮೂನಿವಂತ. ಫ್ಯಾನ್ ತಿರುಗಿತು, ಹಾರ್ನ್ ಮುಕ್ಕಾತು! ಬೆಂಕಿಪೆಟ್ಟಿಗಿಗಿಂತ ಸಣ್ಣ ಸಾಮಾನು, 250 ರೂಪಾಯಿ.

ಅಷ್ಟಕ್ಕ ಬಿಡಲಿಲ್ಲ ಅವ. ಕಂಡೆನ್ಸರಿನ ಸಂದಿಗೊಳಗ ಜ್ವಾಳದ ಹೊಟ್ಟು ಮೆತ್ತಿಕೊಂಡಿತ್ತು. ರಾಶಿ ಮಾಡೂ ಮುಂದ ಗಾಡಿ ಕಣದ ಬಾಜೂಕ ನಿಲ್ಲಿಸ್ತೀವಲ್ಲ, ಅದರದ್ದು. ನೀರು ಸಣ್ಣಗ ಬಿಟ್ಟು ತೊಳೆದ, ಜೋರು ಹೊಡದ್ರ ಆ ತಗಡಿನ ಎಸಳು ಮಡಚ್ತಾವಂತ. ಗೇಜು ಹಚ್ಚಿ ನೋಡಿದ್ರ ಗ್ಯಾಸು ಹೆಚ್ಚಾಗಿತ್ತು. ಅದೂ ಒತ್ತಡ ಏರಸ್ತೈತಿ ಅಂತ ಎಲ್ಲಾ ಹೊರಗ ತೆಗೆದು, ಬಾನೆಟ್ಟಿನ ಕೆಳಗ ಅಂಟಿಸಿದ ಚೀಟ್ಯಾಗ ಎಷ್ಟು ಗ್ರಾಮ್ ಅಂತ ಬರದಿತ್ತೋ ಅಷ್ಟ ತೂಗಿ ತುಂಬಿದ. "ಇದು ಅಡಗಿ ಸಿಲಿಂಡರಿನ ಗ್ಯಾಸಿನಂಗ ಉರದು ಮುಗಿಯೂದಲ್ರೀ ಆಂಟಿ, ಪೈಪಿನ್ಯಾಗ ಸುತ್ತತಿರ್ತೈತಿ. ಕಡಿಮಿ ಆತಂದ್ರ ಎಲ್ಲೋ ಸೋರಾಕತ್ತೈತಿ ಅಂತನ. ಸೋರೂ ಜಾಗಾ ಹುಡುಕದ ಯಾರರ ತುಂಬಾಕ ಬಂದ್ರ ಕೇಳ್ರಿ" ಅಂದ. ನಾ ಅದನ್ನೂ ವಹ್ಯಾಗ ಬರ್ಕೊಂಡೆ.

ನಮ್ಮ ತಂಗಿ ಕಾರಿನ ಕಥಿ ಬ್ಯಾರೆ. ಆಕಿ ಗಾಡ್ಯಾಗ ಡ್ಯಾಶ್‌ಬೋರ್ಡಿನ ಒಳಗ ಟಕ್ ಟಕ್ ಸಪ್ಪಳ ಬರ್ತಿತ್ತು, ಒಂದು ಮಗ್ಗಲು ಥಂಡಿ, ಇನ್ನೊಂದು ಮಗ್ಗಲು ಬಿಸಿ. ಒಳಗ ಬಿಸಿ ಗಾಳಿ, ಥಂಡಿ ಗಾಳಿ ಬೆರಸೂ ಸಣ್ಣ ಬಾಗಿಲ ಇರ್ತೈತಿ, ಅದನ್ನ ತಿರುಗಸೂ ಮೋಟಾರಿನ ಹಲ್ಲು ಮುರದಿತ್ತು. ಇನ್ನ ಗಾಳಿನ ಕಡಿಮಿ ಬಂತಂದ್ರ ಮೊದಲ ಫಿಲ್ಟರ್ ನೋಡ್ರಿ, ಭಾಳ ಗಾಡ್ಯಾಗ ಕಾಗದ ಪತ್ರ ಇಡೂ ಖಾನೆ ಹಿಂದ ಇರ್ತೈತಿ, ನಮ್ಮದರಾಗ ಒಂದು ಮುಷ್ಟಿ ಧೂಳು ಬಿತ್ತು. ಕಾಲ ಕೆಳಗಿನ ಚಾಪಿ ತೊಯ್ದಿದ್ರ ನೀರು ಹೋಗೂ ಕೊಳವಿ ಕಟ್ಟಿಕೊಂಡಿರಬಹುದು. ಏನರ ಆಗಲಿ, ಗ್ಯಾರೇಜಿಗೆ ಹೋಗೂ ಮೊದಲ ಯಾವಾಗ ಕೆಡ್ತೈತಿ, ಯಾವಾಗ ಸರಿ ಇರ್ತೈತಿ ಅನ್ನೂದನ್ನ ಎರಡೂ ಬರ್ಕೊಂಡು ಹೋಗ್ರಿ. ಕೆಟ್ಟಾಗಿಂದಷ್ಟ ಹೇಳಿದ್ರ ಅವ್ರಿಗೆ ಅರ್ಧ ಕಥಿ ಸಿಗ್ತೈತಿ.

ಅವತ್ತ ಹೊಳ್ಳಿ ಬರೂ ಮುಂದ ರೈಲ್ವೆ ಗೇಟ್ ಹಾಕಿತ್ತು. ಹನ್ನೆರಡು ನಿಮಿಷ ನಿಂತ್ವಿ. ಅತ್ತಿಯವ್ರು ಬರ್ಫಿನ ಡಬ್ಬಿ ಕೇಳಲಿಲ್ಲ. ಗೇಟ್ ತೆಗಿಯೂದ್ರಾಗ ಸೆರಗು ತಲಿ ಮ್ಯಾಲ ಎಳಕೊಂಡು, ನನ್ನ ಹೆಗಲಿಗೆ ಆನಿಸಿಕೊಂಡು ಮಲಗಿಬಿಟ್ಟಿದ್ರು. ಮಗಗ ಹಾರ್ನ್ ಹೊಡೀಬ್ಯಾಡ ಅಂತ ಕೈ ಮಾಡಿ ಹೇಳಿದೆ.