ಮಾಯೆಯ ಜಮಾಖರ್ಚು

ನಮ್ಮ ಮನೆಯ ಹಜಾರದಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಒಂದು ಸಭೆ ಸೇರುತ್ತದೆ. ಅಧ್ಯಕ್ಷರಿಲ್ಲ, ಪ್ರಾರ್ಥನೆಯಿಲ್ಲ, ವಂದನಾರ್ಪಣೆಯಿಲ್ಲ. ಅಷ್ಟರ ಮಟ್ಟಿಗೆ ಊರಿನ ಇತರ ಸಭೆಗಳಿಗಿಂತ ಇದು ಮೇಲೆಂದೇ ನನ್ನ ಅಭಿಪ್ರಾಯ. ಸದಸ್ಯರು ನಾಲ್ವರು: ನನ್ನ ತಂಗಿಯ ಮಗ, ಅವನ ಆಫೀಸಿನ ಇಬ್ಬರು ಹುಡುಗರು, ಮಲ್ಲೇಶ್ವರದಿಂದ ಮೆಟ್ರೋದಲ್ಲಿ ಬರುವ ಒಬ್ಬಳು ಹುಡುಗಿ. ಎರಡು ಸಲ ಕಾಫಿ ಒದಗಿಸುವುದು ನನ್ನ ಖಾತೆ. ಪಿಂಚಣಿ ತೆಗೆದುಕೊಳ್ಳುವ ಗಂಡಸಿಗೆ ಮನೆಯಲ್ಲಿ ಒಂದಾದರೂ ಖಾತೆ ಇರಬೇಡವೆ?

ಮೊದಲ ಭಾನುವಾರ ನಾನು ಅಡಿಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಿದ್ದೆ. ಹಜಾರದಿಂದ ಮಾತು ಕೇಳಿಸಿತು.

"ಹೆಂಗಸಿಗೆ ಹೆಂಗಸೇ ಚಿಕಿತ್ಸೆ ಮಾಡಿದರೆ ಶಕ್ತಿ ಪೂರ್ತಿ ವಾಪಸು ಬರಲ್ಲ. ಗಂಡಸಿಗೆ ಮಾಡಿದಾಗ ಪೂರ್ತಿ ಬಂತು."

"ಹಾಗಾದರೆ ಹೆಂಗಸಿಗೆ ಗಂಡಸು ಮಾಡಿದರೆ?"

"ಪೂರ್ತಿ ಬರುತ್ತೆ. ಅದೂ ಮುಂದೆ ಇದೆ, ನೋಡು."

ವೈದ್ಯಶಾಸ್ತ್ರ ಇಷ್ಟೊಂದು ಮುಂದುವರಿದಿದೆಯೆ ಎಂದು ಬೆರಗಾಯಿತು. ನನ್ನ ಮಂಡಿನೋವಿನ ವಿಷಯವನ್ನೂ ಪ್ರಸ್ತಾಪಿಸೋಣವೆಂದು ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದೆ. ಅಲ್ಲಿ ನೋಡಿದರೆ ವೈದ್ಯರೂ ಇಲ್ಲ, ರೋಗಿಯೂ ಇಲ್ಲ. ಮೇಜಿನ ಮೇಲೆ ತಲೆದಿಂಬಿನ ಗಾತ್ರದ ಮೂರು ಪುಸ್ತಕ, ಸುತ್ತ ನಾಲ್ಕು ತಲೆ.

ಅವರು ಚರ್ಚಿಸುತ್ತಿದ್ದುದು 'ದಿ ವೀಲ್ ಆಫ್ ಟೈಮ್' ಎಂಬ ಇಂಗ್ಲಿಷ್ ಕಥಾಮಾಲೆಯನ್ನು. ಕಾಲಚಕ್ರ ಎಂದರೆ ಸರಿಹೋದೀತು. ಬರೆದವನು ಅಮೆರಿಕದ ದಕ್ಷಿಣ ಕೆರೊಲಿನಾ ಸೀಮೆಯ ಚಾರ್ಲ್ಸ್‌ಟನ್ ಊರಿನವನು. ರಾಬರ್ಟ್ ಜೋರ್ಡಾನ್ ಎಂಬುದು ಕಾವ್ಯನಾಮ. ತಾಯಿತಂದೆ ಇಟ್ಟದ್ದು ಜೇಮ್ಸ್ ಆಲಿವರ್ ರಿಗ್ನಿ. ವಿಯಟ್ನಾಮ್ ಯುದ್ಧದಲ್ಲಿ ಹೆಲಿಕಾಪ್ಟರಿನಲ್ಲಿ ಬಂದೂಕು ಹಿಡಿದು ಕುಳಿತಿದ್ದವನು. ಆಮೇಲೆ ಭೌತಶಾಸ್ತ್ರ ಓದಿ, ನೌಕಾಪಡೆಗಾಗಿ ಪರಮಾಣು ಇಂಜಿನಿಯರಾಗಿ ದುಡಿದವನು. ಮೊದಲ ಸಂಪುಟ 1990ರಲ್ಲಿ ಬಂತು, 14ನೆಯದು 2013ರಲ್ಲಿ. ಟೀವಿಗೂ 2021ರಲ್ಲಿ ಬಂದು, ಮೂರು ಸರಣಿಯಾಗಿ, 2025ರಲ್ಲಿ ನಿಂತುಹೋಯಿತು. ಟೀವಿಯ ಬಗ್ಗೆ ಸಭೆಯಲ್ಲಿ ಯಾರೂ ಮಾತೆತ್ತಬಾರದೆಂಬುದು ಅಲಿಖಿತ ನಿಬಂಧನೆ.

ನಾನು ಲೆಕ್ಕ ತಪಾಸಣೆಯ ಇಲಾಖೆಯಲ್ಲಿ ಮೂವತ್ತೈದು ವರ್ಷ ಸವೆದವನು. ರಾಕ್ಷಸ, ಮಾಂತ್ರಿಕ, ಮಾಯದ ಕತ್ತಿ ಎಂದರೆ ನನಗೆ ಮಕ್ಕಳ ಕತೆ. ಆದರೆ ಈ ಹುಡುಗರ ಜಗಳವನ್ನು ಮೂರು ಭಾನುವಾರ ಕೇಳುವುದರೊಳಗೆ ನನ್ನ ಹಳೆಯ ಕಸುಬು ಕಿವಿ ನಿಮಿರಿಸಿತು. ಏಕೆಂದರೆ ಈ ಮಾಯೆಗೆ ಜಮಾಖರ್ಚು ಉಂಟು.

ಕಾಲಚಕ್ರವನ್ನು ತಿರುಗಿಸುವ ಒಂದು ಮೂಲಶಕ್ತಿ. ಅದರಲ್ಲಿ ಎರಡು ಪಾಲು. ಹೆಂಗಸರದು ಸೈದಾರ್, ಗಂಡಸರದು ಸೈದೀನ್. ಹೆಂಗಸು ಶಕ್ತಿಗೆ ಶರಣಾಗಿ ಅದನ್ನು ನಡೆಸಬೇಕು. ಗಂಡಸು ಅದರೊಡನೆ ಗುದ್ದಾಡಿ ಹಿಡಿಯಬೇಕು. (ಇದನ್ನು ಕೇಳಿದ ನನ್ನಾಕೆ, "ನಮ್ಮ ಮನೆಯಲ್ಲಿ ತಿರುಗುಮುರುಗು" ಎಂದಳು.) ಹಿಡಿದ ಶಕ್ತಿಯನ್ನು ಐದು ಬಗೆಯ ಎಳೆಗಳಾಗಿ ನೇಯುತ್ತಾರೆ. ಪೃಥ್ವಿ, ಅಪ್ಪು, ತೇಜಸ್ಸು, ವಾಯು ನಮ್ಮವೇ. ಐದನೆಯದು ಮಾತ್ರ ಆಕಾಶವಲ್ಲ, ಆತ್ಮ. ಒಬ್ಬೊಬ್ಬರಿಗೂ ಒಂದು ಮಿತಿ. ಮಿತಿ ಮೀರಿ ಸೆಳೆದರೆ ಸೆಳೆದವರೇ ಸುಟ್ಟುಹೋಗುತ್ತಾರೆ. ಗಂಡಸರ ಪಾಲಿಗೆ ಹಿಂದಿನ ಯುಗದಲ್ಲಿ ವಿಷ ಬೆರೆತಿದೆ. ಅದನ್ನು ಮುಟ್ಟಿದವನಿಗೆ ಇಂದಲ್ಲ ನಾಳೆ ಹುಚ್ಚು. ಲೋಕವನ್ನು ಉಳಿಸಬೇಕಾದ ರಾಂಡ್ ಎಂಬ ನಾಯಕನೋ, ಗಂಡಸು.

ಇನ್ನು ಐಸ್ ಸೆಡಾಯ್ ಎಂಬ ಮಾಂತ್ರಿಕೆಯರಿದ್ದಾರೆ. ಅವರು ಮೂರು ಪ್ರಮಾಣಗಳಿಗೆ ಬದ್ಧರು, ಒಂದು, ಸುಳ್ಳಾಡಕೂಡದು. ನಾಲಗೆಯೇ ಏಳುವುದಿಲ್ಲ. ಆದುದರಿಂದ ನಿಜವನ್ನೇ ಹೇಳಿ ಎದುರಿನವರನ್ನು ದಾರಿತಪ್ಪಿಸುವ ಕಲೆಯಲ್ಲಿ ಅವರು ಅಸಾಧ್ಯ ಪ್ರವೀಣೆಯರು. ಇದನ್ನು ಕೇಳಿದಾಗ ನನಗೆ ಹಳೆಯ ನೆಂಟರನ್ನು ಕಂಡಷ್ಟು ಸಂತೋಷವಾಯಿತು. ಆಡಿಟ್ ಮೆಮೋಗಳಿಗೆ ಇಂಥ ಉತ್ತರಗಳನ್ನು ನಾನು ಎಷ್ಟು ಕಂಡಿದ್ದೇನೆ!

ಹುಡುಗರಲ್ಲಿ ಪಂಗಡಗಳಿವೆ. ಮಾಯೆಯಲ್ಲಿ ಗಟ್ಟಿ ಮಾಯೆ, ಮೆದು ಮಾಯೆ ಎಂದು ಎರಡು ಜಾತಿಯಂತೆ. ಚಪಾತಿಯ ಹಿಟ್ಟಿನ ಹಾಗೆ. ಟಾಲ್ಕಿನ್ ಬರೆದ ಕತೆಯಲ್ಲಿ ಗ್ಯಾಂಡಾಲ್ಫ್ ಏನು ಮಾಡಬಲ್ಲ, ಏನು ಮಾಡಲಾರ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಅದು ಮೆದು. ನಿಯಮವನ್ನು ಓದುಗನಿಗೆ ಮೊದಲೇ ತಿಳಿಸಿ, ಆ ನಿಯಮದೊಳಗೇ ನಾಯಕ ತಪ್ಪಿಸಿಕೊಂಡು ಬರಬೇಕಾದದ್ದು ಗಟ್ಟಿ. ಬ್ರಾಂಡನ್ ಸ್ಯಾಂಡರ್‌ಸನ್ ಎಂಬ ಲೇಖಕ 2007ರಲ್ಲಿ ಇದನ್ನೊಂದು ಸೂತ್ರವನ್ನಾಗಿಯೇ ಬರೆದ: ಮಾಯೆಯನ್ನು ಓದುಗ ಎಷ್ಟು ಅರಿತಿರುತ್ತಾನೋ ಅಷ್ಟೇ ಮಟ್ಟಿಗೆ ಕತೆಗಾರ ಅದರಿಂದ ತೊಡಕು ಬಿಡಿಸಬಹುದು. ಕನ್ನಡಕದ ಹುಡುಗ ಈ ಸೂತ್ರವನ್ನು ವೇದವಾಕ್ಯದಂತೆ ಹೇಳುತ್ತಾನೆ. ಮಲ್ಲೇಶ್ವರದ ಹುಡುಗಿ, ಎಲ್ಲವೂ ತಿಳಿದುಹೋದರೆ ಅದು ಮಾಯೆ ಹೇಗಾಯಿತು, ಪ್ಲಂಬಿಂಗ್ ಆಯಿತು ಎನ್ನುತ್ತಾಳೆ. ನನ್ನ ಒಲವು ಹುಡುಗನ ಕಡೆಗೇ. ಆದರೆ ಹುಡುಗಿಯ ಮಾತು ಚೆನ್ನಾಗಿದೆ.

ಇಷ್ಟು ಕೇಳಿದ ಮೇಲೆ ನನಗೂ ಸುಮ್ಮನಿರಲಾಗಲಿಲ್ಲ. ನಾನು ಹುಡುಗನಾಗಿದ್ದಾಗ ಊರಿನಲ್ಲಿ ಗಮಕಿಗಳು ಭಾರತ ಓದಿ ಎದ್ದುಹೋದ ಮೇಲೆ ಜಗುಲಿಯಲ್ಲಿ ನಡೆಯುತ್ತಿದ್ದುದೂ ಇದೇ ಗದ್ದಲವಲ್ಲವೆ? ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲಕ್ಕೆ. ಕರ್ಣ ಅದನ್ನು ಅರ್ಜುನನಿಗೆಂದು ಇಟ್ಟುಕೊಂಡಿದ್ದವನು ಘಟೋತ್ಕಚನ ಮೇಲೆ ಖರ್ಚು ಮಾಡಿದ. ಮಾಡಬಾರದಾಗಿತ್ತೆ? ಅಸ್ತ್ರವನ್ನು ಬಿಡಬಲ್ಲ ಅಶ್ವತ್ಥಾಮ ಹಿಂದಕ್ಕೆ ಕರೆಯಲಾರದೆ ಹೋದದ್ದೇಕೆ? ಶಾನುಭೋಗರಿಗೂ ಅಂಗಡಿ ಶೆಟ್ಟರಿಗೂ ಇದರ ಮೇಲೆ ವಾರಗಟ್ಟಲೆ ಮಾತು ಬಿಟ್ಟಿತ್ತು. ಸಭೆಗೆ ಇವೆಲ್ಲವನ್ನೂ ಹೇಳಿ, ಕೊನೆಗೆ ಕಚನ ಕತೆ ತೆಗೆದೆ. ಕಚನನ್ನು ಸುಟ್ಟು ಬೂದಿಯನ್ನು ಸುರೆಯಲ್ಲಿ ಕಲಸಿ ಶುಕ್ರಾಚಾರ್ಯನಿಗೇ ಕುಡಿಸಿಬಿಟ್ಟಿದ್ದಾರೆ. ಬದುಕಿಸಿದರೆ ಗುರುವಿನ ಹೊಟ್ಟೆ ಸೀಳಿ ಬರಬೇಕು. ಸೀಳಿದರೆ ಗುರು ಸಾಯುತ್ತಾನೆ. ಆದುದರಿಂದ ಹೊಟ್ಟೆಯೊಳಗಿರುವ ಶಿಷ್ಯನಿಗೇ ಮೊದಲು ಸಂಜೀವಿನಿಯನ್ನು ಉಪದೇಶಿಸಬೇಕು. ಇದಕ್ಕಿಂತ ಗಟ್ಟಿ ಮಾಯೆ ಯಾವ ಅಮೆರಿಕದಲ್ಲಿದೆ, ಹೇಳಿ ಎಂದೆ. ಮೂವರು ಚಪ್ಪಾಳೆ ತಟ್ಟಿದರು. ನನ್ನ ತಂಗಿಯ ಮಗ ಲೋಟಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದ.

ಈ ಪುಸ್ತಕಗಳು ನನ್ನ ಮನೆಗೆ ಬಂದದ್ದು ಎರಡು ವರ್ಷದ ಹಿಂದೆ, ಅವನ ಜೊತೆ. ಕೊಂಡವಳು ನನ್ನ ತಂಗಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ತೊಂಬತ್ತರ ದಶಕದಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಮೊದಲ ಸಂಪುಟ ಕೊಂಡು ಬಂದವಳು, ಅಲ್ಲಿಂದಾಚೆಗೆ ಒಂದೊಂದಕ್ಕೂ ಕಾದು ಕಾದು ಓದಿದಳು. ಓದುವಾಗ ಕೈಯಲ್ಲಿ ಪೆನ್ಸಿಲ್. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ, ಇದು ಎರಡನೆಯ ಸಂಪುಟಕ್ಕೆ ವಿರುದ್ಧ, ಇಲ್ಲಿ ಅಳತೆ ಸರಿಯಿಲ್ಲ, ಹೀಗೆಲ್ಲ. ನನ್ನ ಆಡಿಟ್ ಚಾಳಿ ನಮ್ಮ ವಂಶದ್ದೇ ಇರಬೇಕು.

2007ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವಳ ಫೋನು ಬಂತು. "ಅಣ್ಣಾ, ಅವರು ಹೋಗಿಬಿಟ್ಟರು" ಎಂದಳು. ಯಾರೋ ನೆಂಟರೆಂದು ನಾನು ಕುರ್ಚಿ ಹಿಡಿದು ಕುಳಿತೆ. ಜೋರ್ಡಾನ್ ಎಂದಳು. ನಾನು ನಕ್ಕುಬಿಟ್ಟೆ. ಅವನು ನಿನಗೇನಾಗಬೇಕು ಎಂದು ಕೇಳಿದೆ. ಅವಳು ಫೋನು ಇಟ್ಟಳು. ಅವನಿಗೆ ಅಮಿಲಾಯ್ಡೋಸಿಸ್ ಎಂಬ ರೋಗ ಹೃದಯಕ್ಕೆ ತಗುಲಿತ್ತು. ಕೊನೆಯದೆಂದುಕೊಂಡಿದ್ದ 12ನೆಯ ಸಂಪುಟ ಅರೆಬರೆ ಉಳಿದಿತ್ತು. ಟಿಪ್ಪಣಿಗಳನ್ನು ಬಿಟ್ಟು ಹೋಗಿದ್ದ. ಅವನ ಸಂಪಾದಕಿಯೂ ಆಗಿದ್ದ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್, ಮುಗಿಸುವ ಕೆಲಸವನ್ನು ಮೇಲೆ ಹೇಳಿದ ಸೂತ್ರದ ಸ್ಯಾಂಡರ್‌ಸನ್ನನಿಗೆ ಒಪ್ಪಿಸಿದಳು. ಒಂದು ಮೂರಾಯಿತು: 2009, 2010, 2013. ಕಟ್ಟಕಡೆಯ ದೃಶ್ಯ ಮಾತ್ರ ಜೋರ್ಡಾನನೇ ಬರೆದಿಟ್ಟದ್ದು. ಇವೆಲ್ಲ ನನಗೆ ಈಗ, ಹುಡುಗರಿಂದ ತಿಳಿದದ್ದು. ಆಗ ಕೇಳಿದ್ದರೆ ತಂಗಿಯೇ ಹೇಳುತ್ತಿದ್ದಳು.

ಕಳೆದ ತಿಂಗಳು ಸಭೆ ಬೇಲ್‌ಫೈರ್ ಎಂಬ ಬೆಂಕಿಯ ಮೇಲೆ ನಡೆಯಿತು. ಈ ಬೆಂಕಿ ತಗುಲಿದವನ ಬಾಳಿನ ಎಳೆ, ತಗುಲಿದ ಕ್ಷಣದಿಂದಲ್ಲ, ಅದಕ್ಕೂ ಹಿಂದಿನಿಂದಲೇ ಸುಟ್ಟುಹೋಗುತ್ತದೆ. ಬೆಂಕಿ ಬಲವಾದಷ್ಟೂ ಇನ್ನಷ್ಟು ಹಿಂದಕ್ಕೆ. ಆ ಅವಧಿಯಲ್ಲಿ ಅವನು ಮಾಡಿದ್ದೆಲ್ಲ ಮಾಡಲೇ ಇಲ್ಲವೆಂದಾಗುತ್ತದೆ. ಹಿಂದಿನ ಯುಗದ ಯುದ್ಧದಲ್ಲಿ ಇದರಿಂದ ಊರೂರೇ ಅಳಿಸಿಹೋಗಿ, ಲೋಕದ ನೇಯ್ಗೆಯೇ ಬಿಚ್ಚಿಕೊಳ್ಳತೊಡಗಿದಾಗ, ಎರಡು ಪಕ್ಷದವರೂ ಹೆದರಿ ಬಿಟ್ಟುಬಿಟ್ಟರಂತೆ. 1993ರಲ್ಲಿ ಬಂದ ಐದನೆಯ ಸಂಪುಟದಲ್ಲಿ ರಾವಿನ್ ಎಂಬ ದುಷ್ಟ, ನಾಯಕನ ಗೆಳೆಯ ಮ್ಯಾಟನನ್ನೂ ಪ್ರೇಯಸಿ ಅವಿಯೆಂಡಾಳನ್ನೂ ಸಿಡಿಲಿನಿಂದ ಕೊಲ್ಲುತ್ತಾನೆ. ರಾಂಡ್ ಅವನನ್ನು ಬೇಲ್‌ಫೈರಿನಿಂದ ಸುಡುತ್ತಾನೆ. ಕೊಂದವನು ಕೊಲ್ಲುವ ಮೊದಲೇ ಇಲ್ಲವಾದ ಮೇಲೆ ಸತ್ತವರು ಸತ್ತದ್ದು ಹೇಗೆ? ಇಬ್ಬರೂ ಬದುಕಿರುತ್ತಾರೆ.

"ಹಾಗಾದರೆ ಸಾವಿಗೂ ಮದ್ದಿದೆ ಅಂತಾಯಿತು" ಎಂದ ಕನ್ನಡಕದ ಹುಡುಗ.

"ಮದ್ದಲ್ಲ. ಗುಣಪಡಿಸಿದ್ದಲ್ಲ, ಆಗದ ಹಾಗೆ ಮಾಡಿದ್ದು" ಎಂದಳು ಹುಡುಗಿ.

ಎಷ್ಟು ಬಲಕ್ಕೆ ಎಷ್ಟು ಹಿಂದೆ ಹೋಗುತ್ತದೆ ಎಂದು ಲೆಕ್ಕ ಹೊರಟಿತು. ನಾನೂ ಪೆನ್ಸಿಲ್ ತೆಗೆದುಕೊಂಡೆ. ಆಗ ಕನ್ನಡಕದ ಹುಡುಗ ನಗುತ್ತ, "ಅದು ಸರಿ, ಕಾಯಿಲೆ ಬಂದು ಸತ್ತರೆ ಯಾರನ್ನು ಸುಡಬೇಕು?" ಎಂದ.

"ಯಾರನ್ನೂ ಸುಡೋಕಾಗಲ್ಲ" ಎಂದ ನನ್ನ ತಂಗಿಯ ಮಗ. ಎದ್ದು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತ. ಆ ದಿನ ಎರಡನೆಯ ಕಾಫಿ ಯಾರೂ ಕುಡಿಯಲಿಲ್ಲ.

ಎರಡು ವರ್ಷದ ಹಿಂದಿನ ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರು ಸರದಿಯ ಮೇಲೆ ನನ್ನ ತಂಗಿಯ ಎದೆ ಒತ್ತುತ್ತಿದ್ದರು. ತಮ್ಮಿಂದಾದದ್ದೆಲ್ಲ ಮಾಡಿದರು. ಒತ್ತಿದಾಗ ದೇಹ ಅಲುಗುತ್ತಿತ್ತು, ಬಿಟ್ಟಾಗ ನಿಲ್ಲುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವರಲ್ಲೊಬ್ಬ, ನನ್ನ ಮಗನ ವಯಸ್ಸಿನವನು, ತಿರುಗಿ ನನ್ನ ಮುಖ ನೋಡಿದ. ಅಲ್ಲಿದ್ದ ಹಿರಿಯ ನಾನು. ಹುಡುಗನ ತಂದೆ ಎಂದೋ ಹೋಗಿದ್ದರು. "ಸಾಕು" ಎಂದೆ. ಬಾಗಿಲಲ್ಲಿ ಹುಡುಗ ಫ್ಲಾಸ್ಕು ಹಿಡಿದು ನಿಂತಿದ್ದ. ನಾನು ಹೇಳಿದ್ದು ಅವನಿಗೆ ಕೇಳಿಸಿತು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಅಷ್ಟರಲ್ಲಿ ನಾನೇ ಪುಸ್ತಕಗಳನ್ನು ಓದತೊಡಗಿದ್ದೆ. ರಾತ್ರಿ, ನಿದ್ದೆ ಬಾರದಾಗ. ನಾಲ್ಕನೆಯ ಸಂಪುಟದ ಆರಂಭದಲ್ಲಿ ಒಂದು ಕೋಟೆಗೆ ರಾಕ್ಷಸರು ನುಗ್ಗುತ್ತಾರೆ. ಕಲಂಡೋರ್ ಎಂಬ ಸ್ಫಟಿಕದ ಕತ್ತಿ ರಾಂಡನ ಕೈಯಲ್ಲಿದೆ. ಶಕ್ತಿಯನ್ನು ನೂರ್ಮಡಿಗೊಳಿಸುವ ಕತ್ತಿ. ಕೋಟೆಯಲ್ಲಿದ್ದ ರಾಕ್ಷಸರನ್ನೆಲ್ಲ ಒಂದೇ ಏಟಿಗೆ ಸಿಡಿಲು ಬಡಿದು ಮುಗಿಸುತ್ತಾನೆ. ಆಮೇಲೆ ಸತ್ತುಬಿದ್ದ ಒಬ್ಬ ಪುಟ್ಟ ಹುಡುಗಿ ಕಣ್ಣಿಗೆ ಬೀಳುತ್ತಾಳೆ. ಇಷ್ಟು ಶಕ್ತಿ ಇದೆಯಲ್ಲ ಎಂದು ಅವಳನ್ನು ಬದುಕಿಸಲು ಹೊರಡುತ್ತಾನೆ. ದೇಹ ಅಲುಗುತ್ತದೆ. ಜೀವ ಬರುವುದಿಲ್ಲ. ಮ್ವಾರೇನ್ ಎಂಬ ಐಸ್ ಸೆಡಾಯ್ ಅಲ್ಲಿದ್ದಾಳೆ. ಸಾವನ್ನು ಗುಣಪಡಿಸಲಾಗದು ಎಂದು ಅವಳು ಹೇಳಬೇಕಾಗುತ್ತದೆ. ನೆನಪಿರಲಿ, ಸುಳ್ಳಾಡಲಾಗದ ಹೆಂಗಸು.

ದೀಪದ ಹತ್ತಿರಕ್ಕೆ ಹಿಡಿದು ಆ ಪುಟದ ಅಂಚನ್ನು ನೋಡಿದೆ. ಹಿಂದಿನ ಪುಟಗಳಲ್ಲಿ ಪೆನ್ಸಿಲ್ ಗುರುತುಗಳಿದ್ದವು, ಮುಂದೆಯೂ ಇದ್ದವು. ಅಲ್ಲಿ ಏನೂ ಇರಲಿಲ್ಲ.

ಮುಂದಿನ ಭಾನುವಾರ ಆ ಪ್ರಸಂಗವನ್ನು ನಾನು ಎತ್ತಲಿಲ್ಲ. ನಿಯಮಗಳ ಮಾತು ಬಂದು, ಕನ್ನಡಕದ ಹುಡುಗನೇ ಅಲ್ಲಿಗೆ ಬಂದ. ಅಂಥ ಕತ್ತಿ ಕೈಯಲ್ಲಿದ್ದಾಗ ಮ್ವಾರೇನ್ ತಡೆಯಬಾರದಿತ್ತು, ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಏನಾಗುತ್ತಿತ್ತೋ ಯಾರು ಕಂಡರು ಎಂದ. ನಾನು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಏನೂ ಆಗ್ತಿರಲಿಲ್ಲ" ಎಂದ ನನ್ನ ತಂಗಿಯ ಮಗ. "ಅವಳು ಹೇಳದೆ ಇದ್ದಿದ್ದರೆ ಅವನು ನಿಲ್ಲಿಸ್ತಾನೇ ಇರಲಿಲ್ಲ. ಬೆಳಗಿನವರೆಗೆ ಹಾಗೇ ಮಾಡ್ತಿದ್ದ. ಯಾರಾದರೂ ಹೇಳಲೇಬೇಕಿತ್ತು."

ಅವನು ನನ್ನ ಕಡೆ ನೋಡಲಿಲ್ಲ. ಹುಡುಗಿ ಏನೋ ಪ್ರಶ್ನೆ ಹಾಕಿದಳು, ವಾದ ಬೇರೆ ಕಡೆ ತಿರುಗಿತು. ನಾನು ಡಿಕಾಕ್ಷನ್ ಇಳಿದಿದೆಯೋ ಎಂದು ನೋಡಲು ಒಳಗೆ ಹೋದೆ. ಇಳಿದು ಬಹಳ ಹೊತ್ತಾಗಿತ್ತು.

ಸ್ವಲ್ಪ ಹೊತ್ತಿಗೆ ಅವನೂ ಬಂದ. ಹಾಲು ಉಕ್ಕುವುದರಲ್ಲಿತ್ತು, ಒಲೆ ಸಣ್ಣಗೆ ಮಾಡಿದ.

"ಮಾವ, ಎಲ್ಲಿವರೆಗೆ ಓದಿದಿರಿ?"

"ನಾಲ್ಕು ಮುಗಿಯಿತು."

"ಹಾಗಾದರೆ ಸಂಜೆ ಐದನೇದು ಕೊಡ್ತೀನಿ. ಅದರಲ್ಲಿ ಅಮ್ಮ ತುಂಬ ಗೀಚಿದ್ದಾಳೆ. ಒಂದು ಕಡೆ ಲೆಕ್ಕ ತಪ್ಪು ಮಾಡಿದ್ದಾಳೆ ಅನಿಸುತ್ತೆ, ನೀವೇ ನೋಡಿ" ಎಂದು ತಟ್ಟೆ ತೆಗೆದುಕೊಂಡು ಹೊರಗೆ ಹೋದ.