ಮುದ್ದೆ ಚಿಕ್ಕದಿರಲಿ, ಸೊಪ್ಪು ಹೆಚ್ಚಿರಲಿ

ನಮ್ಮ ಕಡೆ ಯಾರಾದರೂ ನಾಲ್ಕು ಕೆಜಿ ಇಳಿದರೆ ಮೊದಲು ಬರುವುದು ‘ಯಾಕವ್ವಾ ಹಿಂಗೆ ಸೊರಗಿದೀಯ, ಮೈಗೆ ಹುಷಾರಿಲ್ವಾ?’ ಎಂಬ ಗಾಬರಿಯ ಮಾತು. ನಮ್ಮಜ್ಜಿಗಂತೂ ಮೊಮ್ಮಕ್ಕಳ ಕೆನ್ನೆ ಎಷ್ಟು ತುಂಬಿದರೂ ಸಾಲದು. ಸಾಕು ಎಂದವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಮೇಲೆ ತುಪ್ಪ ಬಿಟ್ಟು, ಉಂಡು ಮುಗಿಸುವವರೆಗೂ ಎದುರಿಗೇ ಕೂತಿರುತ್ತಿದ್ದಳು. ಆ ಹಟವನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಧಾತು ಈಶ್ವರ ಬರದ ಕತೆಗಳನ್ನು ಅವಳು ತನ್ನಜ್ಜಿಯ ಬಾಯಲ್ಲಿ ಕೇಳಿ ಬೆಳೆದವಳು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1876ರಿಂದ 78ರವರೆಗಿನ ಆ ಬರ ಕಳೆದು 1881ರಲ್ಲಿ ಎಣಿಸಿದಾಗ ಉಳಿದಿದ್ದವರು ಸುಮಾರು 42 ಲಕ್ಷ. ಅಂಥ ಹಸಿವನ್ನು ಕಂಡ ಮನೆಗಳಲ್ಲಿ ಮೈ ತುಂಬಿಕೊಂಡ ಮಗುವನ್ನು ನೋಡುವುದೇ ಒಂದು ನೆಮ್ಮದಿ.

ಆದರೆ ಅಜ್ಜಿ ಉಂಡದ್ದನ್ನು ಹೊಲದಲ್ಲಿ ಕರಗಿಸುತ್ತಿದ್ದಳು. ಕಳೆ ಕೀಳುವುದು, ರಾಗಿ ಕೊಯ್ಯುವುದು, ನೀರು ಸೇದುವುದು, ಮತ್ತೆ ಮನೆಗೆ ಬಂದು ರುಬ್ಬುವುದು. ನಮ್ಮ ಪಾಲಿಗೆ ಅವಳ ಊಟ ಬಂತು, ಕೆಲಸ ಬರಲಿಲ್ಲ.

ನಮ್ಮ ಮೈಯ ಸ್ವಭಾವವೂ ಸ್ವಲ್ಪ ಬೇರೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಯಡ್ಕಿನ್ನರ ಮೈಯಲ್ಲಿದ್ದ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಎಷ್ಟೋ ಜನ ನಮ್ಮ ನಡುವೆಯೇ ಇದ್ದಾರಲ್ಲ, ‘ನಾನೇನು ದಪ್ಪ ಇಲ್ಲ’ ಎಂದು ಅವರು ನಂಬಿ ಕೂರಬಾರದು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿತೆಂದರೆ ಎಚ್ಚರಾಗಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೂ ದರ್ಜಿಯ ಟೇಪು ಸಾಕು.

ಎಚ್ಚರಾದವರು ಬೀಳುವ ಗುಂಡಿಯೆಂದರೆ ಅವಸರ. ನೆಂಟರ ಹುಡುಗಿಯೊಬ್ಬಳು ಮದುವೆ ಗೊತ್ತಾದ ಮೇಲೆ ಅನ್ನ, ಮುದ್ದೆ, ಬೇಳೆ ಎಲ್ಲ ಬಿಟ್ಟು ಹಣ್ಣು ಮತ್ತು ನಿಂಬೆರಸದ ಮೇಲೆ ನಿಂತಳು. ತೂಕ ಇಳಿಯಿತು, ಧಾರೆಯ ಹೊತ್ತಿಗೆ ತಲೆ ಸುತ್ತಿ ಕೂತಳು. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಬಾಚಣಿಗೆ ತುಂಬ ಕೂದಲು. ವರ್ಷ ತುಂಬುವ ಮೊದಲೇ ಹೋದ ತೂಕ ವಾಪಸು ಬಂತು. ಅವಳ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಾಗೆ ಉಪವಾಸ ಬಿದ್ದಾಗ ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಪ್ರೋಟೀನು ಸಾಲದೆ ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಸವೆಯುತ್ತದೆ. ತೀರಾ ಬೇಗ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಉಂಟು. ವಾರಕ್ಕೆ ಅರ್ಧ ಕೆಜಿ, ಹೆಚ್ಚೆಂದರೆ ಒಂದು ಕೆಜಿ ಇಳಿಯುವುದು ಸುರಕ್ಷಿತ.

ಅದಕ್ಕೆ ಪರದೇಶದ ಡಬ್ಬಿಯ ಪುಡಿ ಯಾಕೆ? ರಾಗಿ ತಿಂದರೆ ಸಣ್ಣಗಾಗುತ್ತಾರೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಧಾರಾಳವಾಗಿದೆ, ನನಗಂತೂ ಅದಿಲ್ಲದ ಊಟ ಊಟವೇ ಅಲ್ಲ. ಆದರೂ ಕ್ಯಾಲೊರಿ ಲೆಕ್ಕದಲ್ಲಿ ಅದು ಅಕ್ಕಿಗಿಂತ ಅಷ್ಟೇನೂ ಕಡಿಮೆಯಲ್ಲ. ಹಾಗಾಗಿ ಮುದ್ದೆ ಚಿಕ್ಕದಾಗಬೇಕು, ಪಕ್ಕದಲ್ಲಿ ಬಸ್ಸಾರಿನ ಸೊಪ್ಪಿನ ಪಲ್ಯ ದೊಡ್ಡದಾಗಬೇಕು. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ, ಸೌತೆಕಾಯಿ ಕೋಸಂಬರಿಗೆ ಸೇರಲಿ. ಹುರುಳಿ, ಅವರೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಇವುಗಳಲ್ಲಿ ಯಾವುದಾದರೂ ಒಂದು ಪ್ರತಿ ಊಟದಲ್ಲೂ ಇದ್ದರೆ ಹೊಟ್ಟೆ ಬೇಗ ಕೂಗುವುದಿಲ್ಲ, ಸ್ನಾಯುವೂ ಉಳಿಯುತ್ತದೆ. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ. ಗ್ರಾಂ ಪಿಷ್ಟಕ್ಕೆ 4 ಕ್ಯಾಲೊರಿಯಾದರೆ ಗ್ರಾಂ ಎಣ್ಣೆಗೆ 9. ಕಾಫಿಯನ್ನು ಬಿಡಿ ಎಂದು ಮೈಸೂರಿನವರಿಗೆ ಹೇಳುವ ಕಲ್ಲೆದೆ ನನಗಿಲ್ಲ. ಆದರೆ ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಕುಡಿದರೆ ಸುಮಾರು 40 ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು.

ನಡಿಗೆಗೆ ನಮಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ. ಬೆಳಗಿನ ಹೊತ್ತು ಅಲ್ಲಿ ನೀರಿನ ಮೇಲಿಂದ ಬರುವ ತಂಪು ಗಾಳಿ, ಮರದ ತುಂಬ ಕೊಕ್ಕರೆ, ಪರಿಚಯವಿಲ್ಲದಿದ್ದರೂ ನಮಸ್ಕಾರ ಹೇಳುವ ಹಿರಿಯರು. ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸಾಗಿರಲಿ ನಡಿಗೆ. ವಾರಕ್ಕೆ 150 ನಿಮಿಷವಾದರೂ ಬೇಕು. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು ಮನೆಯಲ್ಲೇ ಆಗುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ಮೊದಲ ದಿನವೇ ಹೊರಡಬೇಡಿ. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ನಡಿಗೆಯೊಂದನ್ನೇ ನಂಬಿದರೂ ಆಗದು. ಒಂದು ಮಸಾಲೆ ದೋಸೆ ಕರಗಬೇಕಾದರೆ ಗಂಟೆಗೂ ಮೀರಿ ನಡೆಯಬೇಕಾಗುತ್ತದೆ.

ಓದುವವರಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅವರಿಗೊಂದು ಮಾತು. ಔಷಧಿ ಅಷ್ಟೇ ಇದ್ದು ಊಟ ಮಾತ್ರ ತಗ್ಗಿದರೆ ರಕ್ತದ ಸಕ್ಕರೆ ತಟ್ಟನೆ ಕುಸಿಯಬಹುದು. ಮುದ್ದೆ ಚಿಕ್ಕದು ಮಾಡುವ ಮೊದಲು ದಯವಿಟ್ಟು ನಿಮ್ಮ ಡಾಕ್ಟರನ್ನು ಕಂಡು ಬನ್ನಿ.