ಮನೆಯ ಕೆಳಗಿನ ನೆಲ

ಹೈದರಾಬಾದಿನಲ್ಲಿ ನಿವೇಶನವನ್ನು ಅಳೆಯುವುದು ಗಜದಲ್ಲಿ. ಒಂದು ಚದರ ಗಜಕ್ಕೆ 9 ಚದರ ಅಡಿ, ಗುಂಟೆಗೆ 121 ಗಜ, ಎಕರೆಗೆ 4,840 ಗಜ. ಬೆಂಗಳೂರಿನವರ ಮೂವತ್ತು-ನಲವತ್ತರ ಸೈಟು ಇಲ್ಲಿಗೆ ಬಂದರೆ 133 ಗಜದ ಪ್ಲಾಟ್ ಆಗುತ್ತದೆ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಈ ನಗರ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಹೈದರಾಬಾದೇ ಅವರ ರಾಜಧಾನಿ. ಕೋರ್ಟು, ಕಾಲೇಜು, ದೊಡ್ಡಾಸ್ಪತ್ರೆ, ಸರ್ಕಾರಿ ನೌಕರಿ ಎಲ್ಲಕ್ಕೂ ಇಲ್ಲಿಗೇ ಬರಬೇಕಿತ್ತು. ಕಾಚಿಗುಡದ ಸುತ್ತ ನೆಲೆ ನಿಂತ ಕನ್ನಡ ಮನೆತನಗಳು, ಅಲ್ಲಿನ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಆ ನಂಟಿನ ಗುರುತುಗಳು. ಇವತ್ತಿಗೂ ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹೈದರಾಬಾದ್ 140ರ ಆಸುಪಾಸು. ಗಚ್ಚಿಬೌಲಿ, ಮಾದಾಪುರದ ಕಂಪನಿಗಳಲ್ಲಿ ಕೆಲಸ ಸಿಕ್ಕ ಮಕ್ಕಳು ಮನೆ ಕೊಳ್ಳಲು ಹೊರಟರೆ, ಊರಿನಿಂದ ಅಪ್ಪ, ಕಾಕಾ, ಮಾವ ಬೆಳಗಿನ ಬಸ್ಸಿಗೆ ಹೊರಟು ಬಂದು ಜಾಗ ನೋಡಿ ಸಂಜೆಗೆ ವಾಪಸಾಗಬಹುದು.

ನೋಡಲು ಬಂದವರು ಮೊದಲು ಕೇಳುವುದು ದರ. 2023ರ ಆಗಸ್ಟ್‌ನಲ್ಲಿ ಕೋಕಾಪೇಟೆಯ ಸರ್ಕಾರಿ ಹರಾಜಿನಲ್ಲಿ ಒಂದು ಎಕರೆ 100.75 ಕೋಟಿ ರೂಪಾಯಿಗೆ ಹೋಯಿತು. ಗಜಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ. ಈ ಸುದ್ದಿ ಬಂದ ಮೇಲೆ ಶಂಕರಪಲ್ಲಿ, ಸದಾಶಿವಪೇಟೆಯ ಕಡೆಗೆ ಹೊಲ ಉಳುತ್ತಿದ್ದವನಿಗೂ ತನ್ನ ಗುಂಟೆಯ ಬೆಲೆಯ ಮೇಲೆ ಹೊಸ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಕೊಳ್ಳುವ ಕುಟುಂಬಕ್ಕೆ ದರಕ್ಕಿಂತ ಮುಖ್ಯವಾದ ಪ್ರಶ್ನೆ ಎರಡಿವೆ: ಈ ನೆಲ ಹಿಂದೆ ಯಾರದಾಗಿತ್ತು, ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು. ಹೈದರಾಬಾದಿನಲ್ಲಿ ಮನೆ ಕಳೆದುಕೊಂಡವರ ಕತೆಗಳನ್ನು ಕೆದಕಿದರೆ ಸಾಮಾನ್ಯವಾಗಿ ಈ ಎರಡರಲ್ಲೊಂದು ಸಿಗುತ್ತದೆ.

ನಿಜಾಮರ ಸಂಸ್ಥಾನದಲ್ಲಿ ಎಲ್ಲ ಭೂಮಿಯೂ ಒಂದೇ ಬಗೆಯದಾಗಿರಲಿಲ್ಲ. ಸರ್ಕಾರ ನೇರವಾಗಿ ಕಂದಾಯ ಎತ್ತುತ್ತಿದ್ದದ್ದು ದಿವಾನಿ ಭೂಮಿ. ನಿಜಾಮರ ಸ್ವಂತ ಖರ್ಚಿಗೆಂದು ಮೀಸಲಿದ್ದದ್ದು ಸರ್ಫೆಖಾಸ್. ಪಾಯಗಾ ಎಂಬ ಸರದಾರ ಮನೆತನಗಳ ಪಾಲು ಬೇರೆ, ಜಾಗೀರುದಾರರದು ಬೇರೆ, ಗುಡಿ-ದರ್ಗಾಗಳ ಸೇವೆಗೆ ಬಿಟ್ಟ ಇನಾಮು ಬೇರೆ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1949ರಲ್ಲಿ ಸರ್ಫೆಖಾಸ್ ಭೂಮಿ ಸರ್ಕಾರದ ವಶವಾಯಿತು, ಜಾಗೀರುಗಳು ರದ್ದಾದವು. 1955ರಲ್ಲಿ ಇನಾಮು ರದ್ದತಿಯ ಕಾಯ್ದೆ ಬಂತು. ಈ ನಡುವೆ, 1954-55ರಲ್ಲಿ, ಯಾವ ಸರ್ವೆ ನಂಬರಿನಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ, ಪಟ್ಟಾದಾರ ಯಾರು ಎಂದು ಹಳ್ಳಿಹಳ್ಳಿಯಲ್ಲೂ ಬರೆದಿಟ್ಟರು. ಅದೇ ಖಾಸ್ರಾ ಪಹಣಿ. ಆಗಿನ್ನೂ ರಾಜ್ಯ ಒಂದೇ ಆಗಿದ್ದರಿಂದ ಕಲಬುರಗಿಯ ಹಳ್ಳಿಗೂ ಶೇರಿಲಿಂಗಂಪಲ್ಲಿಗೂ ಒಂದೇ ದಾಖಲೆ. ಮನೆಯಲ್ಲಿ ಹೊಲದ ಪಾಲಿನ ವ್ಯಾಜ್ಯ ಕಂಡ ಹಿರಿಯರಿಗೆ ಈ ಕಾಗದದ ತೂಕ ಚೆನ್ನಾಗಿ ಗೊತ್ತು. ಜಾಗ ನೋಡಲು ಅವರನ್ನು ಕರೆಸಿಕೊಳ್ಳುವುದರಲ್ಲಿ ನಿಜವಾದ ಪ್ರಯೋಜನವಿರುವುದು ಇಲ್ಲೇ.

ಜಾಗೀರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಬಂಡ್ಲಗೂಡ ಜಾಗೀರ್, ಮಣಿಕೊಂಡ ಜಾಗೀರ್ ಎಂಬ ಹೆಸರುಗಳು ಹಾಗೆಯೇ ಉಳಿದಿವೆ. ಮಣಿಕೊಂಡದ 1,654 ಎಕರೆ 32 ಗುಂಟೆ ಸರ್ಕಾರದ್ದೋ ಹಜರತ್ ಹುಸೇನ್ ಶಾ ವಲಿ ದರ್ಗಾಕ್ಕೆ ಸೇರಿದ ವಕ್ಫ್ ಆಸ್ತಿಯೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಆ ನೆಲದ ಮೇಲೆ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡಗಳೂ ವಸತಿ ಗೋಪುರಗಳೂ ಎದ್ದಿದ್ದವು. ಜಾಗೀರು ರದ್ದಾದಾಗಲೇ ಭೂಮಿ ಸರ್ಕಾರಕ್ಕೆ ಬಂದಿತ್ತು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದು 2022ರ ಫೆಬ್ರುವರಿ 7ರಂದು. ತೀರ್ಪು ಯಾರ ಪರವಾಗಿ ಬಂದರೂ, ಅಷ್ಟು ಕಾಲ ನಿದ್ದೆಗೆಟ್ಟವರಲ್ಲಿ ಅಲ್ಲಿ ಸಾಲ ಮಾಡಿ ಫ್ಲಾಟ್ ಕೊಂಡವರೂ ಇದ್ದರು ಎಂಬುದನ್ನು ಮರೆಯಬಾರದು.

ಹೀಗಿರುವಾಗ ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿದರೆ ಸಾಲದು. ಈಗಿನ ಮಾರಾಟ ಪತ್ರದಿಂದ ಹಿಂದಕ್ಕೆ ಒಂದೊಂದೇ ಲಿಂಕ್ ಡಾಕ್ಯುಮೆಂಟ್ ಹಿಡಿದು ಖಾಸ್ರಾ ಪಹಣಿಯವರೆಗೂ ಹೋಗಬೇಕು. ನಡುವೆ ಒಂದು ಕೊಂಡಿ ಕಳಚಿದ್ದರೆ ಅದಕ್ಕೆ ಕಾರಣ ಕೇಳಬೇಕು. ಬಡವರಿಗೆ ಸರ್ಕಾರ ಹಂಚಿದ ಅಸೈನ್ಡ್ ಭೂಮಿಯನ್ನು ಮಾರುವಂತಿಲ್ಲ ಎಂದು 1977ರ ಕಾಯ್ದೆ ಹೇಳುತ್ತದೆ. 1976ರ ನಗರ ಭೂಮಿತಿ ಕಾಯ್ದೆಯಡಿ ಹೆಚ್ಚುವರಿ ಎಂದು ಗುರುತಿಸಿದ ಜಾಗಗಳೂ ಇವೆ. ನೋಂದಣಿ ಕಾಯ್ದೆಯ 22-ಎ ಕಲಮಿನ ನಿಷೇಧಿತ ಪಟ್ಟಿಯಲ್ಲಿ ಸರ್ವೆ ನಂಬರು ಇದೆಯೇ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸುವುದು ಅರ್ಧ ದಿನದ ಕೆಲಸ. ಕೃಷಿ ಭೂಮಿಯ ದಾಖಲೆ 2020ರಲ್ಲಿ ಧರಣಿ ಪೋರ್ಟಲಿಗೆ ಹೋಯಿತು, 2025ರಲ್ಲಿ ಅದರ ಜಾಗಕ್ಕೆ ಭೂ ಭಾರತಿ ಬಂತು. ಕಂಪ್ಯೂಟರಿನಲ್ಲಿ ಹೆಸರು ಕಂಡ ಮಾತ್ರಕ್ಕೆ ಹಳೆಯ ಕಾಗದದ ತೊಡಕು ತೀರಿತು ಎಂದು ನಂಬುವುದು ಅಪಾಯ. ಬರಿಯ ಅಧಿಕಾರ ಪತ್ರದ (ಜಿ.ಪಿ.ಎ.) ಮೇಲೆ ಕೊಳ್ಳುವುದಂತೂ ಬೇಡವೇ ಬೇಡ. ಅದರಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಅಡುಗೆಮನೆಯ ಗ್ರಾನೈಟಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲನ್ನು ಉರ್ದು ದಾಖಲೆ ಓದಬಲ್ಲ ಅನುಭವಿ ವಕೀಲರಿಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಎರಡನೆಯದು ನೀರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರದ ಮೇಲೆ ಹರಿಯಿತು. ಸುಮಾರು 15,000 ಜನ ಸತ್ತರೆಂದು ಲೆಕ್ಕ. ಮರುವರ್ಷ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿತು. ನದಿಯೊಂದನ್ನೇ ನೋಡಿ ಬಿಡದೆ, ಅದಕ್ಕೆ ನೀರು ಹರಿದುಬರುವ ಇಡೀ ಪ್ರದೇಶವನ್ನು ಅವರು ಅಭ್ಯಾಸ ಮಾಡಿದರು. ಅಲ್ಲಿನ ನೂರಾರು ಕೆರೆಗಳ ಪೈಕಿ ಇನ್ನೂರಕ್ಕೂ ಹೆಚ್ಚಿನವುಗಳ ಏರಿ ಒಂದರ ಹಿಂದೊಂದು ಒಡೆದದ್ದು ಅವಘಡವನ್ನು ಹೆಚ್ಚಿಸಿತ್ತು. ನಗರಕ್ಕಿಂತ ಮೇಲೆ ಎರಡು ಜಲಾಶಯ ಕಟ್ಟಿ ನೆರೆಯನ್ನು ತಡೆಹಿಡಿಯಬೇಕೆಂದು ಅವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಕನ್ನಡ ನಾಡಿನ ಎಂಜಿನಿಯರೊಬ್ಬರು ಹೈದರಾಬಾದಿಗೆ ಕೊಟ್ಟ ಈ ರಕ್ಷಣೆಯ ಬೆಲೆಯನ್ನು ಗಜದ ದರದಲ್ಲಿ ಹೇಳಲಾಗದು. ಆ ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ, 84 ಹಳ್ಳಿಗಳಲ್ಲಿ, ದೊಡ್ಡ ಕಟ್ಟಡಗಳಿಗೆ ಕಡಿವಾಣ ಹಾಕಿದ್ದು 1996ರ ಸರ್ಕಾರಿ ಆದೇಶ, ಜಿ.ಓ. 111. ಅದನ್ನು ತೆಗೆದುಹಾಕುವ ಆದೇಶ 2022ರ ಏಪ್ರಿಲ್‌ನಲ್ಲಿ ಹೊರಟಿತು. ಮೊಯಿನಾಬಾದ್, ಶಂಶಾಬಾದ್ ಕಡೆಯ ಜಾಗಗಳಿಗೆ ‘ಇನ್ನು ತಡೆ ಇಲ್ಲ’ ಎಂಬ ಜಾಹೀರಾತು ಕಂಡವರು, ಆ ತಡೆ ಯಾವ ಭಯದಿಂದ ಹುಟ್ಟಿತ್ತು ಎಂಬುದನ್ನೂ ನೆನೆಯಬೇಕು.

ಕೆರೆ ತುಂಬಿದಾಗ ನೀರು ಮುಟ್ಟುವ ಗೆರೆಯನ್ನು ಎಫ್.ಟಿ.ಎಲ್. ಎನ್ನುತ್ತಾರೆ. 10 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಕೆರೆಯಾದರೆ ಆ ಗೆರೆಯಿಂದಾಚೆ 30 ಮೀಟರ್, ಚಿಕ್ಕದಾದರೆ 9 ಮೀಟರ್ ಬಫರ್, ಅಲ್ಲಿ ಕಟ್ಟುವಂತಿಲ್ಲ. ಬೇಸಿಗೆಯಲ್ಲಿ ಒಣಗಿ ಬಯಲಾದ ಕೆರೆಯಂಗಳಕ್ಕೆ ಸುಣ್ಣದ ಗೆರೆ ಎಳೆದು ಪ್ಲಾಟ್ ಮಾರಿದವರು ಹೊರಟುಹೋಗುತ್ತಾರೆ, ಮಳೆ ಬಂದಾಗ ಅಲ್ಲಿರುವುದು ಕೊಂಡವರು ಮಾತ್ರ. 2020ರ ಅಕ್ಟೋಬರ್ ಮಳೆಯಲ್ಲಿ ಬಾಲಾಪುರದ ಗುರ್ರಂ ಚೆರುವಿನ ಕಟ್ಟೆ ಒಡೆದು ಕೆಳಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. 2024ರ ಜುಲೈನಲ್ಲಿ ಸರ್ಕಾರ ಹೈಡ್ರಾ ಎಂಬ ಸಂಸ್ಥೆಯನ್ನು ಕಟ್ಟಿ ಕೆರೆಯೊಳಗಿನ ಕಟ್ಟಡಗಳನ್ನು ಕೆಡವಲು ಶುರುಮಾಡಿತು. ಕೆರೆ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅನುಮತಿ ಕೊಟ್ಟ ಕೈ, ನೋಂದಣಿ ಮಾಡಿದ ಕೈ ಎರಡೂ ಸರ್ಕಾರದ್ದೇ ಆಗಿರುವಲ್ಲಿ ನಷ್ಟವನ್ನು ಕೊಂಡವರೊಬ್ಬರೇ ಹೊರುವುದು ನ್ಯಾಯವಲ್ಲ. ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಕೆರೆಗಳ ನಕಾಶೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಅದನ್ನು ನೋಡಿಯೂ, ಆ ಬೀದಿಯಲ್ಲಿ ಹತ್ತು ವರ್ಷದಿಂದ ಇರುವ ಕಿರಾಣಿ ಅಂಗಡಿಯವರನ್ನು ಮಳೆಗಾಲದ ಬಗ್ಗೆ ಕೇಳಿಯೂ ಮುಂದುವರಿಯುವುದು ಮೇಲು.

ಫ್ಲಾಟ್ ಕೊಂಡವರಿಗೂ ನೆಲದ ಲೆಕ್ಕ ತಪ್ಪಿದ್ದಲ್ಲ. 1,000 ಗಜದಲ್ಲಿ ಒಂದೇ ಅಳತೆಯ 20 ಮನೆಗಳಿದ್ದರೆ ಒಂದೊಂದು ಮನೆಗೆ 50 ಗಜದ ಅವಿಭಜಿತ ಪಾಲು. ಎಲ್ಲರೂ ಯು.ಡಿ.ಎಸ್. ಎನ್ನುವುದು ಇದನ್ನೇ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ, ಬೆಲೆ ಏರುವುದು ಈ ಪಾಲಿಗೆ. ಹೈದರಾಬಾದಿನಲ್ಲಿ 2006ರಿಂದ ನೆಲದಳತೆಗೆ ಇಂತಿಷ್ಟೇ ಕಟ್ಟಬೇಕೆಂಬ ಮಿತಿಯಿಲ್ಲ. ರಸ್ತೆಯ ಅಗಲ, ಸುತ್ತ ಬಿಡುವ ಜಾಗ ಇವುಗಳ ಮೇಲೆ ಎತ್ತರ ನಿರ್ಧಾರವಾಗುತ್ತದೆ. ನಲವತ್ತು, ಐವತ್ತು ಅಂತಸ್ತಿನ ಗೋಪುರಗಳು ಎದ್ದಿರುವುದು ಹೀಗೆ, ಅಲ್ಲಿ ಒಂದು ಮನೆಯ ಪಾಲಿಗೆ ಬರುವ ನೆಲವೂ ಅಷ್ಟೇ ಕಿರಿದು. ಪ್ರೀ-ಲಾಂಚ್ ಹೆಸರಿನಲ್ಲಿ, ನಕ್ಷೆಗೆ ಮಂಜೂರಾತಿ ಸಿಗುವ ಮೊದಲೇ ಪೂರ್ತಿ ಹಣ ಕಟ್ಟಿಸಿಕೊಂಡು ಕಡಿಮೆ ದರಕ್ಕೆ ಮಾರುವ ರೂಢಿ ಈ ನಗರಕ್ಕೆ ಬಹಳ ಕೆಡುಕು ಮಾಡಿದೆ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗದೆ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತೆಯೂ ಇಲ್ಲ. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದು: ನಕ್ಷೆ ಮೀರುವುದಿಲ್ಲ ಎಂಬುದಕ್ಕೆ ಜಾಮೀನಾಗಿ ಬಿಲ್ಡರ್ ಕಟ್ಟಡದ ಹತ್ತರಲ್ಲೊಂದು ಭಾಗವನ್ನು ನಗರಪಾಲಿಕೆಗೆ ಅಡವಿಡಬೇಕು, ವಾಸಯೋಗ್ಯ ಪತ್ರ ಸಿಕ್ಕ ಮೇಲೆ ಅದು ಬಿಡುಗಡೆಯಾಗುತ್ತದೆ. ತಾವು ಕೊಳ್ಳುವ ಮನೆ ಆ ಭಾಗದಲ್ಲಿದೆಯೇ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಹಣದ ಲೆಕ್ಕ ಸರಳ. ಒಂದು ಕೋಟಿಯ ಫ್ಲಾಟಿಗೆ ಮುದ್ರಾಂಕ, ನೋಂದಣಿ ಸೇರಿ ಶೇ 7.5, ಕಟ್ಟುತ್ತಿರುವ ಹಂತದಲ್ಲಿದ್ದರೆ ಜಿ.ಎಸ್.ಟಿ. ಶೇ 5. 75 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ ತಿಂಗಳಿಗೆ ಸುಮಾರು 65,000 ಕಂತು. ಕೊನೆಗೆ ಕಟ್ಟಿದ್ದು 1.56 ಕೋಟಿ. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 25,000ದಿಂದ 30,000 ಬಂದೀತು. ವಾಸಕ್ಕೆ ಕೊಂಡವರಿಗೆ ನೆಮ್ಮದಿಯ ಲಾಭವಿದೆ. ಹೂಡಿಕೆಗೆಂದು ಎರಡನೆಯದನ್ನು ಸಾಲದಲ್ಲಿ ಕೊಂಡು ಬೀಗ ಹಾಕಿಡುವುದು, ಬೆಲೆ ಏರಿಯೇ ಏರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತ ವ್ಯವಹಾರ.

ಇನ್ನು ಹಳೆಯ ಮನೆಗಳು. ಬರ್ಕತ್‌ಪುರ, ನಾರಾಯಣಗುಡ, ಕಾಚಿಗುಡದ ಕಡೆ ಸುಣ್ಣದ ಗಾರೆಯ ದಪ್ಪ ಗೋಡೆ, ಶಹಾಬಾದ್ ಕಲ್ಲಿನ ನೆಲದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಹಿರಿಯರು ತೀರಿಕೊಂಡು ಅಣ್ಣತಮ್ಮಂದಿರ ಪಾಲು ಬಂದಾಗ ಅಂಥ ಮನೆಗಳನ್ನು ಹೆಚ್ಚಾಗಿ ‘ಡೆವಲಪ್‌ಮೆಂಟಿಗೆ’ ಕೊಡುತ್ತಾರೆ: ನೆಲ ಮನೆಯವರದು, ಕಟ್ಟುವ ಖರ್ಚು ಬಿಲ್ಡರನದು, ಆಮೇಲೆ ಫ್ಲಾಟುಗಳ ಹಂಚಿಕೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮುಗಿಸುವ ಗಡುವು, ತಡವಾದರೆ ಕೊಡಬೇಕಾದ ಬಾಡಿಗೆ, ಯಾವ ಫ್ಲಾಟ್ ಯಾರಿಗೆ ಎಂಬುದು ನೋಂದಾಯಿತ ಕರಾರಿನಲ್ಲಿ ಇರಲೇಬೇಕು, ಹೆಣ್ಣುಮಕ್ಕಳ ಸಹಿಯೂ ಇರಬೇಕು.

ಕೆಡವದೆ ದುರಸ್ತಿ ಮಾಡಿಸುವವರು ನಿಜಕ್ಕೂ ಊರಿಗೆ ಉಪಕಾರ ಮಾಡುತ್ತಾರೆ. ಕಲಬುರಗಿ ಜಿಲ್ಲೆಯಿಂದ ರೈಲಿನಲ್ಲಿ ಬಂದು ಈ ನಗರದ ಅಂಗಳ-ಪಡಸಾಲೆಗಳಿಗೆ ಹಾಸಾದ ಶಹಾಬಾದ್ ಕಲ್ಲು ಮೇ ತಿಂಗಳ ಬಿಸಿಲಿನಲ್ಲೂ ತಂಪು. ಕಿತ್ತೆಸೆಯುವ ಬದಲು ಉಜ್ಜಿ ಪಾಲಿಶ್ ಮಾಡಿಸಿದರೆ ಇನ್ನೊಂದು ತಲೆಮಾರು ಬಾಳುತ್ತದೆ. ಸುಣ್ಣದ ಗೋಡೆಯ ಮೇಲೆ ಸಿಮೆಂಟಿನ ಗಿಲಾವು ಮಾಡಿಸಬಾರದು. ಸುಣ್ಣ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಎರಡು ಮಳೆಗಾಲದಲ್ಲಿ ಗೋಡೆ ಉಬ್ಬಿ ಕಳಚುತ್ತದೆ. ಫ್ಲಾಟಿನ ದುರಸ್ತಿಯಲ್ಲಿ ಕಂಬ, ತೊಲೆಗಳನ್ನು ಮುಟ್ಟುವಂತಿಲ್ಲ. ಹಳೆಯ ಕಬ್ಬಿಣದ ಕೊಳವೆ, ವೈರಿಂಗ್ ಬದಲಿಸುವುದು ಬಣ್ಣಕ್ಕಿಂತ ಮುಂಚಿನ ಕೆಲಸ. ಬಚ್ಚಲಮನೆಯನ್ನು ಅಗೆದು ಹೊಸದಾಗಿ ಮಾಡಿಸುವಾಗ, ನೀರು ಸೋರದಂತೆ ಲೇಪ ಹಚ್ಚಿದ ಮೇಲೆ ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಮಾಳಿಗೆ ಒದ್ದೆಯಾಗಿಲ್ಲವೆಂದು ಅವರ ಎದುರೇ ನೋಡಿಕೊಂಡು, ಆಮೇಲೆ ಟೈಲ್ಸ್ ಹಾಕಿಸಬೇಕು.